ಐದು ಗಬ್ಬದ ಆಡುಗಳು

ಫೆಬ್ರವರಿ 9

ಅಕ್ಕಾ,

ಕೋಳಿಗಳು ಹೋದವು. ಒಂದೂ ಉಳಿದಿಲ್ಲ.

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಒಳಗೆ ಸದ್ದೇ ಇರಲಿಲ್ಲ. ಇನ್ನೂ ಎದ್ದಿಲ್ಲವೇನೋ ಅಂತ ಬಗ್ಗಿ ನೋಡಿದೆ. ಎಲ್ಲವೂ ಹುಲ್ಲಿನ ಮೇಲೆ ಅಚ್ಚುಕಟ್ಟಾಗಿ ಮಲಗಿದ್ದವು, ಒಂದಕ್ಕೂ ತಲೆ ಇರಲಿಲ್ಲ. ಮೈ ಮುಟ್ಟಿಲ್ಲ, ರೆಕ್ಕೆ ಕಿತ್ತಿಲ್ಲ. ತಲೆ ಎಣಿಸೋಕೆ ಬಂದವರು ತಲೆಗಳನ್ನೇ ಚೀಲಕ್ಕೆ ತುಂಬಿಕೊಂಡು ಹೋದ ಹಾಗಿತ್ತು. ಮುಂಗುಸಿಯೋ ಕಾಡುಬೆಕ್ಕೋ ಇರಬೇಕು. ಕೆಳಗಿನ ಹಲಗೆಯಲ್ಲಿ ಗಾಳಿಗೆ ಅಂತ ಮುಷ್ಟಿಯಷ್ಟು ಸಂದಿ ಬಿಟ್ಟಿದ್ದೆ. ಇಷ್ಟು ವರ್ಷ ಲಿಫ್ಟು ರಿಪೇರಿ ಮಾಡಿದವನು ನಾನು, ಕೂದಲೆಳೆಯಷ್ಟು ಸಂದಿ ಬಿಟ್ಟರೂ ಜನ ಸಾಯ್ತಾರೆ ಅಂತ ಹೊಸಬರಿಗೆಲ್ಲ ಬೈದವನು, ಕೋಳಿಗೂಡಿಗೆ ಹೆಬ್ಬಾಗಿಲು ಇಟ್ಟುಕೊಟ್ಟೆ. ಅಲ್ಲೇ ಕೂತು ಅತ್ತುಬಿಟ್ಟೆ ಅಕ್ಕಾ. ಯಾರೂ ನೋಡಲಿಲ್ಲ, ನಿನಗೊಬ್ಬಳಿಗೆ ಹೇಳ್ತಿದ್ದೀನಿ.

ಇನ್ನು ಸಂತೋಷದ ವಿಷಯ. ಆಡು ಬಂದವು. ಐದು. ಐದೂ ಗಬ್ಬದವು! ಮಾರಿದವನು ದೂರದಿಂದ ಲಾರಿಯಲ್ಲಿ ತಂದು ಇಳಿಸಿ, "ಇನ್ನು ನೀವು ಸುಮ್ಮನೆ ಕೂತಿರಿ, ತಿಂಗಳೆರಡು ತಿಂಗಳಲ್ಲಿ ಕೊಟ್ಟಿಗೆ ತಾನಾಗೇ ತುಂಬುತ್ತೆ" ಅಂದ. ಕರಿ, ಕೆಂಚಿ, ಚುಕ್ಕಿ, ಮೊಂಡಿ, ಜಾಣೆ ಅಂತ ಹೆಸರಿಟ್ಟೆ. ಮೊಂಡಿ ಆಗಲೇ ನನ್ನ ಅಂಗಿಯ ತೋಳು ತಿಂದು ಮುಗಿಸಿದ್ದಾಳೆ.

ಮನೆ ಎರಡೇ ಕೋಣೆ. ತಗಡಿನ ಮಾಡು. ಅಂಗಳದಲ್ಲಿ ನಲ್ಲಿ ಇದೆ, ತಿರುಗಿಸಿದರೆ ಮೊದಲು ಕೆಮ್ಮುತ್ತೆ, ಆಮೇಲೆ ನೀರು. ಹಿಂದೆ ಎರಡು ಎಕರೆ ಇಳಿಜಾರು, ಅರ್ಧಕ್ಕರ್ಧ ಕಲ್ಲು. ಆಲೂಗಡ್ಡೆಗೆ ಪಾತಿ ಮಾಡ್ತಿದ್ದೀನಿ. ಫೋನಿಗೆ ಗುಡ್ಡ ಹತ್ತಬೇಕು. ಹತ್ತಿದರೆ ಸಿಗ್ನಲ್ ಸಿಗುತ್ತೆ, ಉಸಿರು ಸಿಗಲ್ಲ. ಅದಕ್ಕೇ ಕಾಗದ. ನೀನೂ ಬರಿ.

ನಿನ್ನ ತಮ್ಮ

ಫೆಬ್ರವರಿ 22

ತಮ್ಮಾ,

ನಿನ್ನ ಕಾಗದವನ್ನ ಅಂಗಡಿಯಲ್ಲಿ ಎಲ್ಲರ ಮುಂದೆ ಓದಿದೆ. ಕಾಜಾ ಹಾಕುವವಳು ನಕ್ಕು ನಕ್ಕು ಸೂಜಿ ಚುಚ್ಚಿಕೊಂಡಳು. ಅಳತೆ ಕೊಡೋಕೆ ಬಂದ ಹೆಂಗಸೊಬ್ಬರು, "ಕೋಳಿ ಕಾಯೋಕೆ ಬರದವರು ಆಡು ಸಾಕ್ತಾರಂತಾ?" ಅಂತ ಕೇಳಿದರು. ನಾನೇನು ಹೇಳಲಿ? "ನಮ್ಮವನು ಚಿಕ್ಕಂದಿನಿಂದ ಹಾಗೇ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾನೆ" ಅಂದೆ.

ಅಲ್ವೋ, ನಿನಗೊಂದು ಹೆಣ್ಣು ನೋಡಿ ನೋಡಿ ನನ್ನ ಚಪ್ಪಲಿ ಸವೆದವು. ಆಗೆಲ್ಲ ಬೇಡ ಬೇಡ ಅಂದು ಈಗ ಒಂದೇ ಸಲಕ್ಕೆ ಐದು ಬಸುರಿಯರನ್ನ ಮನೆಗೆ ಕರ್ಕೊಂಡು ಬಂದೆಯಾ! ಬಾಣಂತನ ಯಾರು ಮಾಡೋದು? ನಾನಂತೂ ಬರಲ್ಲ.

ತಮಾಷೆ ಬಿಡು. ಊಟ ಮಾಡ್ತಿದ್ದೀಯಾ? ಕೆಲಸ ಬಿಟ್ಟು ಮಣ್ಣು ಕೆದಕೋಕೆ ಹೋದಾಗ ನಾನು ಆಡಿದ ಮಾತು ಮನಸ್ಸಲ್ಲಿ ಇಟ್ಟುಕೊಂಡಿದ್ದರೆ ಬಿಟ್ಟುಬಿಡು. ಆದರೆ ಒಂದು ವರ್ಷ ನೋಡು, ಆಗದಿದ್ದರೆ ವಾಪಸ್ ಬಾ. ಅಂಗಡಿಯ ಮೇಲಿನ ಕೋಣೆ ಖಾಲಿಯೇ ಇದೆ.

ಮಗಳು ಚೆನ್ನಾಗಿದ್ದಾಳೆ. ಅಳಿಯ ಮೂರು ತಿಂಗಳು ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ, ಅವಳು ನನ್ನ ಜೊತೆಗೇ ಇದ್ದಾಳೆ. ಮಾವನ ಆಡು ನೋಡಬೇಕು ಅಂತ ಕುಣೀತಿದ್ದಾಳೆ. ಬೇರೆ ವಿಶೇಷ ಏನಿಲ್ಲ.

ಅಕ್ಕ

ಮಾರ್ಚ್ 12

ಅಕ್ಕಾ,

ಅಂಗಡಿಯಲ್ಲಿ ಎಲ್ಲರ ಮುಂದೆ ಓದಬೇಡ. ಓದಲೇಬೇಕು ಅಂದರೆ ಇದನ್ನ ಓದು.

ಜಾಣೆ ಈದಳು! ಎರಡು ಮರಿ! ನಾನು ಬಕೆಟ್ಟು ಹಿಡಿದು ಬರೋ ಹೊತ್ತಿಗೆ ಒಂದು ನೆಲದ ಮೇಲಿತ್ತು, ಇನ್ನೊಂದರ ಕಾಲು ಹೊರಗೆ ಬಂದಿತ್ತು. ಜೀವ ಅನ್ನೋದು ಇಷ್ಟು ಜೋರಾಗಿ, ಇಷ್ಟು ಒದ್ದೆಯಾಗಿ, ಯಾರನ್ನೂ ಕೇಳದೆ ಬಂದುಬಿಡುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಅವಳು ನೆಕ್ಕಿದಳು, ಅದು ನಿಂತಿತು, ಬಿತ್ತು, ನಿಂತಿತು. ಈಗ ನೋಡಬೇಕು, ನನ್ನ ಬೆನ್ನು ಹತ್ತಿ ಕುಣೀತಾವೆ. ಹಾಲು ಕರೆಯೋದನ್ನೂ ಕಲಿತೆ. ಮೊದಲ ದಿನ ಪಾತ್ರೆಗಿಂತ ನನ್ನ ಪ್ಯಾಂಟಿಗೇ ಜಾಸ್ತಿ ಬಿತ್ತು.

ಉಳಿದವು ತಡ. ಆಡು ಏನು ಲಿಫ್ಟಾ, ಗುಂಡಿ ಒತ್ತಿದ ಕೂಡಲೇ ಬರೋಕೆ?

ಆಲೂಗಡ್ಡೆ ಮೊಳಕೆ ಒಡೆದಿದೆ. ಹುರುಳಿಕಾಯಿ ಬಳ್ಳಿಗೆ ಕಡ್ಡಿ ಕೊಟ್ಟಿದ್ದೀನಿ. ಹೊಸ ಕೋಳಿಗೂಡು ಕಟ್ಟಿದ್ದೀನಿ, ಅದರೊಳಕ್ಕೆ ಇರುವೆ ಬರಬೇಕಾದರೂ ನನ್ನ ಅಪ್ಪಣೆ ಬೇಕು. ಸೊಂಟ ಮಾತ್ರ ನನ್ನದಲ್ಲ ಅನ್ನಿಸುತ್ತೆ, ಗುದ್ದಲಿ ಕೆಲಸ ನೋಡು. ನಿನ್ನ ಮಗಳು ಚಿನಕುರಳಿಯನ್ನ ಕಳಿಸು. ಅವಳು ಇಲ್ಲಿದ್ದರೆ ಮಾತಾಡೋಕೆ ಒಂದು ಮನುಷ್ಯಪ್ರಾಣಿ ಸಿಕ್ಕ ಹಾಗಾಗುತ್ತೆ.

ತಮ್ಮ

ಮಾರ್ಚ್ 25

ತಮ್ಮಾ,

ಈ ಕಾಗದವನ್ನೂ ಅಂಗಡಿಯಲ್ಲಿ ಓದಿದೆ. ಯಾರೂ ನಗಲಿಲ್ಲ. ಕಾಜಾ ಹಾಕುವವಳು ಮರಿಗಳ ಫೋಟೋ ಕೇಳಿದ್ದಾಳೆ. ನನಗೂ ಒಳಗೊಳಗೇ ಹೆಮ್ಮೆಯಾಯ್ತು ಅಂತ ಬರೆದರೆ ನಿನಗೆ ಕೊಂಬು ಬರುತ್ತೆ, ಆದರೂ ಬರೀತೀನಿ.

ಮಗಳು ಏಪ್ರಿಲ್ ಮೊದಲ ವಾರ ಬರ್ತಾಳೆ, ಒಂದು ವಾರ ಇರ್ತಾಳೆ. ನಾನು ಬೇಡ ಅಂದೆ, ಕೇಳಲಿಲ್ಲ. ಒಂದೆರಡು ಮಾತು ನೆನಪಿಟ್ಟುಕೋ. ಅವಳ ಕೈಲಿ ಭಾರ ಎತ್ತಿಸಬೇಡ. ಹೊತ್ತು ಹೊತ್ತಿಗೆ ಊಟ ಹಾಕು. ಬೆಳಿಗ್ಗೆ ಹೊಟ್ಟೆ ಸರಿ ಇರಲ್ಲ, ಗ್ಯಾಸು. ಗುಡ್ಡಗಿಡ್ಡ ಹತ್ತಿಸಬೇಡ. ಕಾರಣ ಏನಿಲ್ಲ, ಬೇಸಿಗೆ, ಬಿಸಿಲಿಗೆ ಸುಸ್ತಾಗಿದ್ದಾಳೆ ಅಷ್ಟೇ.

ಹುಷಾರು.

ಅಕ್ಕ

ಏಪ್ರಿಲ್ 10

ಅಕ್ಕಾ,

ನಿನ್ನ ಮಗಳನ್ನ ಬಸ್ಸು ಹತ್ತಿಸಿ ಬಂದೆ. ಮನೆ ಬಣಗುಡ್ತಿದೆ.

ಪಟ್ಟಣದ ಊಟ ಅವಳನ್ನ ಹಾಳು ಮಾಡಿದೆ ನೋಡು. ಬಂದ ದಿನ ಬೆಳಿಗ್ಗೆ ಏನು ಕೊಟ್ಟರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನಾನು ಬಿಡಲಿಲ್ಲ. ಜಾಣೆಯ ಹಾಲನ್ನ ಕರೆದ ಬಿಸಿಯಲ್ಲೇ ಲೋಟಕ್ಕೆ ಹಾಕಿ ಕೊಟ್ಟೆ. "ಕಾಯಿಸಲ್ವಾ ಮಾವ?" ಅಂದಳು. "ಕಾಯಿಸಿದರೆ ಸತ್ವ ಹೋಗುತ್ತೆ, ನಾನು ದಿನಾ ಹೀಗೇ ಕುಡಿಯೋದು" ಅಂದೆ. ನಾಲ್ಕು ದಿನದಲ್ಲಿ ಕೆನ್ನೆಗೆ ಬಣ್ಣ ಬಂತು. ನೀನು ಹೇಳಿದ ಹಾಗೆ ಭಾರ ಎತ್ತಿಸಲಿಲ್ಲ. ಅಕ್ಕನ ಮಗಳು ಸೋಮಾರಿಯಾಗಿದ್ದಾಳೆ ಅಂತ ರೇಗಿಸಿದೆ, ಅವಳು ನಕ್ಕಳು.

ಒಂದೇ ಬೇಜಾರು. ಗುರುವಾರ ಚುಕ್ಕಿ ಈದಳು, ಮರಿ ಉಳಿಯಲಿಲ್ಲ. ನಾನು ಆಲೂಗಡ್ಡೆಗೆ ಮಣ್ಣು ಏರಿಸ್ತಿದ್ದೆ. ಚಿನಕುರಳಿಯ ಕೂಗು ಕೇಳಿ ಓಡಿದೆ. ಅವಳು ಕೊಟ್ಟಿಗೆಯ ನೆಲದ ಮೇಲೆ ಕೂತಿದ್ದಳು, ಚುಕ್ಕಿಯ ತಲೆ ತೊಡೆಯ ಮೇಲೆ. ಮರಿಯನ್ನ ತಾನೇ ಎಳೆದು ತೆಗೆದಿದ್ದಳು. ಸೆರಗಲ್ಲಿ ಅದರ ಮೂಗು ಬಾಯಿ ಒರೆಸ್ತಾ, "ಉಸಿರಾಡು, ಉಸಿರಾಡು" ಅಂತಿದ್ದಳು. ಅದಕ್ಕೆ ಕೂದಲೇ ಪೂರ್ತಿ ಬಂದಿರಲಿಲ್ಲ. ಎಷ್ಟು ಹೇಳಿದರೂ ಕೈಯಿಂದ ಬಿಡಲಿಲ್ಲ. ಅಷ್ಟು ಅಳೋದು ನಾನು ಎಂದೂ ನೋಡಿರಲಿಲ್ಲ. ಮೆತ್ತಗಿನ ಹುಡುಗಿ. ಕೃಷಿ ಅಂದರೆ ಇದೂ ಇರುತ್ತೆ ಅಂತ ಸಮಾಧಾನ ಮಾಡಿದೆ. "ಮಾವ, ನಿನಗೊಂದು ವಿಷಯ ಹೇಳಬೇಕು" ಅಂದಳು. "ಹೇಳು" ಅಂದೆ. ನನ್ನ ಮುಖ ನೋಡಿ, "ಏನಿಲ್ಲ, ಆಮೇಲೆ" ಅಂದಳು. ಗಂಡನ ಜೊತೆ ಜಗಳಗಿಗಳ ಏನಾದರೂ ಇದೆಯಾ? ಕೇಳಿ ನೋಡು.

ಉಳಿದಂತೆ ಎಲ್ಲಾ ಚೆನ್ನಾಗಿದೆ.

ತಮ್ಮ

ಮೇ 3

ಅವಳು ಬಸುರಿಯಾಗಿದ್ದಳು.

ನಾಲ್ಕನೇ ತಿಂಗಳು. ಶನಿವಾರ ಹೋಯ್ತು.

ಹೋದ ಸಲ ಇಲ್ಲಿ ಎಲ್ಲರಿಗೂ ಹೇಳಿ, ಸಂಭ್ರಮಪಟ್ಟು, ಆಮೇಲೆ ಅದು ನಿಲ್ಲದೆ, ಒಬ್ಬೊಬ್ಬರಿಗೂ ಇಲ್ಲ ಅಂತ ಹೇಳಿಕೊಂಡು ತಿರುಗಿದೆವು. ಆ ಸಲವೂ ನಿನಗೆ ಹೇಳಿರಲಿಲ್ಲ, ನೀನು ಆಗ ಕೆಲಸದ ಮೇಲೆ ದೂರ ಇದ್ದೆ. ಈ ಸಲ ಗಟ್ಟಿಯಾಗೋವರೆಗೆ ಯಾರಿಗೂ ಬೇಡ ಅಂತ ನಾನೇ ಅಂದಿದ್ದೆ.

ನಿನ್ನಲ್ಲಿಂದ ಬಂದ ಹತ್ತು ಹನ್ನೆರಡು ದಿನಕ್ಕೆ ಜ್ವರ ಶುರುವಾಯ್ತು. ಸಂಜೆ ಬರುತ್ತೆ, ಬೆಳಿಗ್ಗೆ ಬಿಡುತ್ತೆ. ಹಾಸಿಗೆ ಹಿಂಡಿದರೆ ನೀರು ಬರೋ ಹಾಗೆ ಬೆವರು. ಕೀಲು ಕೀಲು ನೋವು. ಇಬ್ಬರು ಡಾಕ್ಟರು ಏನೂ ಗೊತ್ತಾಗಲ್ಲ ಅಂದರು. ಮೂರನೆಯವರು ರಕ್ತ ತೆಗೆಸಿ, "ಮನೆಯಲ್ಲಿ ಆಡು ಕುರಿ ಇದೆಯಾ?" ಅಂದರು. ನಾನು ಇಲ್ಲ ಅಂದೆ. ಪಟ್ಟಣದ ಮಧ್ಯ ಹೊಲಿಗೆ ಅಂಗಡಿ ಇಟ್ಟುಕೊಂಡವರ ಮನೆಯಲ್ಲಿ ಆಡು ಎಲ್ಲಿಂದ ಬರುತ್ತೆ? ಮಗಳು ಮಂಚದ ಮೇಲಿಂದ, "ಮಾವನ ಹತ್ತಿರ ಇದೆ" ಅಂದಳು.

ಆಡುಗಳಿಗೆ ಬರೋ ಕಂದು ರೋಗವಂತೆ. ಗಬ್ಬದ ಆಡು ತಿಂಗಳು ತುಂಬೋಕೆ ಮುಂಚೆ ಸತ್ತ ಮರಿ ಹಾಕುತ್ತಂತೆ. ಅದನ್ನ ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ ಅಂಟುತ್ತಂತೆ. ಬಸುರಿಯರು ಅಂಥ ಕೊಟ್ಟಿಗೆಯ ಹತ್ತಿರವೂ ಹೋಗಬಾರದಂತೆ. ಡಾಕ್ಟರು ಒಂದು ಪ್ರಶ್ನೆ ಕೇಳೋಕೆ ಹೇಳಿದ್ದಾರೆ. ಚುಕ್ಕಿಯದು ಮೊದಲನೆಯದಾ, ಅಥವಾ ಅದಕ್ಕೆ ಮುಂಚೆಯೂ ಯಾವುದಾದರೂ ಕಂದು ಹಾಕಿತ್ತಾ?

ಒಂದು ಸಾಲಲ್ಲಿ ಉತ್ತರ ಬರಿ. ಬೇರೇನೂ ಬರೀಬೇಡ.

ಮೇ 7

ಅಕ್ಕಾ,

ಮುಂಚೆ ಎರಡು ಹಾಕಿದ್ದವು. ಚುಕ್ಕಿಯ ನಂತರ ಕರಿಯೂ ಹಾಕಿದಳು.

ಒಂದು ಸಾಲು ಅಂದೆ, ಬರೆದೆ. ಇನ್ನು ಮುಂದಿನದು ಓದಬೇಕು ಅಂತಿಲ್ಲ.

ಕೆಂಚಿ ಫೆಬ್ರವರಿ ಕೊನೆಯಲ್ಲಿ ಹಾಕಿದಳು, ಮೊಂಡಿ ಮಾರ್ಚ್ ಮೊದಲಲ್ಲಿ. ಜಾಣೆಯ ಮರಿಗಳ ಸುದ್ದಿ ಬರೆದೆನಲ್ಲ, ಅದಕ್ಕೂ ಮುಂಚೆ. ಆಡು ಮಾರಿದವನನ್ನ ಹುಡುಕಿಕೊಂಡು ಹೋಗಿ ಕೇಳಿದೆ. "ಲಾರಿಯಲ್ಲಿ ಅಷ್ಟು ದೂರ ಕುಲುಕಾಡಿಕೊಂಡು ಬಂದಿವೆ, ಮೊದಲ ಸಲ ಹೀಗಾಗುತ್ತೆ, ಮುಂದಿನ ಸಲ ನೋಡಿ" ಅಂದ. ನಂಬಿದೆ. ನಂಬೋಕೆ ಸುಲಭವಾಗಿತ್ತು. ಎರಡನ್ನೂ ಬೇಲಿಯಾಚೆ ಹೂತು, ಕೈ ತೊಳೆದುಕೊಂಡು ಬಂದು, ಮೇಜಿನ ಮುಂದೆ ಕೂತೆ ನಿನಗೆ ಬರೆಯೋಕೆ. ಮೊದಲು ಅದನ್ನೇ ಬರೆಯೋಕೆ ಹೋದೆ. ಕೋಳಿಯ ಕಾಗದ ಓದಿ ಅಂಗಡಿಯಲ್ಲಿ ನಕ್ಕರು ಅಂದೆಯಲ್ಲ, ಅದು ನೆನಪಾಯ್ತು. "ಉಳಿದವು ತಡ" ಅಂತ ಬರೆದೆ. ಲಿಫ್ಟಿನ ಜೋಕು ಬೇರೆ ಸೇರಿಸಿದೆ.

ನಿನ್ನ ಕಾಗದ ಅಂಚೆ ತರುವವನ ಕೈಯಿಂದ ತಗೊಂಡು ಗೇಟಿನ ಹತ್ತಿರ ನಿಂತೇ ಒಡೆದೆ. ಮೊದಲ ಸಾಲು ಓದಿದ ಮೇಲೆ ಎರಡನೇ ಸಾಲಿಗೆ ಹೋಗೋಕೆ ಆಗಲಿಲ್ಲ. ಬಸುರಿ ಅನ್ನೋ ಪದವನ್ನೇ ನೋಡ್ತಾ ನಿಂತಿದ್ದೆ. ಅವಳು ಕೊಟ್ಟಿಗೆಯ ನೆಲದ ಮೇಲೆ ಕೂತು ಆ ಸತ್ತ ಮರಿಗೆ ಉಸಿರಾಡು ಅಂತಿದ್ದದ್ದು ನನಗೆ ಆಗ ಅರ್ಥವಾಯ್ತು. ಅಂಚೆಯವನು, "ಸಾರ್, ಯಾರಾದರೂ ಹೋದರಾ?" ಅಂದ. ಹೌದು ಅಂದೆ. "ದೊಡ್ಡವರಾ?" ಅಂದ. ಗೇಟು ಹಾಕಿಕೊಂಡು ಒಳಗೆ ಬಂದೆ.

ಗುಡ್ಡ ಹತ್ತಿ ಪಶುವೈದ್ಯೆಗೆ ಫೋನ್ ಮಾಡಿದೆ. ಡಾಕ್ಟರಮ್ಮ ಅವತ್ತೇ ಬಂದರು, ಉದ್ದನೆಯ ಕೈಗವಸು ಹಾಕಿಕೊಂಡು ಐದರದ್ದೂ ರಕ್ತ ತೆಗೆದರು. ನನ್ನ ಮುಖ ನೋಡಿ, "ನಿಮಗೆ ಎಷ್ಟು ದಿನದಿಂದ ಜ್ವರ?" ಅಂತ ಕೇಳಿದರು. ಸೊಂಟ ನೋವು ಗುದ್ದಲಿಯದಲ್ಲ ಅಕ್ಕಾ. ನನಗೂ ಅದೇ.

ಅವಳನ್ನ ನೋಡೋಕೆ ಬರಲಾ ಅಂತ ಕೇಳುವ ಮುಖ ನನಗಿಲ್ಲ. ನೀನು ಬಾ ಅಂದರೆ ಬರ್ತೀನಿ.

ಮೇ 30

ಅಕ್ಕಾ,

ಉತ್ತರ ಬಂದಿಲ್ಲ, ಬರಬೇಕು ಅಂತ ಕೇಳ್ತಿಲ್ಲ. ಇಲ್ಲಿ ಆದದ್ದನ್ನ ನಿನ್ನಿಂದ ಮುಚ್ಚಿಡಬಾರದು ಅಂತ ಬರೀತಿದ್ದೀನಿ.

ಐದರಲ್ಲೂ ರೋಗ ಇದೆ. ಜಾಣೆಯಲ್ಲೂ. ಅವಳ ಮರಿಗಳು ಮೇಲುನೋಟಕ್ಕೆ ಚೆನ್ನಾಗಿವೆ, ಆದರೆ ಅವೂ ಉಳಿಯುವಂತಿಲ್ಲ. "ಔಷಧಿ ಇಲ್ವಾ?" ಅಂತ ಕೇಳಿದೆ. "ನಿಮಗಿದೆ, ಅವಕ್ಕಿಲ್ಲ" ಅಂದರು ಡಾಕ್ಟರಮ್ಮ. ಮಾರಿದವನ ಹಿಂಡಿಗೂ ಅವರ ಕಡೆಯವರು ಹೋಗಿದ್ದಾರೆ, ಅಲ್ಲೂ ತುಂಬ ಇವೆಯಂತೆ.

ಬುಧವಾರ ಬೆಳಿಗ್ಗೆ ಬಂದರು. ಯಂತ್ರ ತಂದು ಬೇಲಿಯಾಚೆ ಆಳವಾದ ಗುಂಡಿ ತೆಗೆದಿದ್ದರು, ಪಕ್ಕದಲ್ಲಿ ಸುಣ್ಣದ ಚೀಲ. ಒಬ್ಬ ಸಹಾಯಕ ಹಗ್ಗ ತಂದಿದ್ದ. "ಹಗ್ಗ ಬೇಡ, ಬೆದರ್ತಾವೆ, ನಾನೇ ಕರೀತೀನಿ" ಅಂದೆ. ಯಾಕೆ ಹಾಗಂದೆನೋ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಒಂದೊಂದೇ ಹೆಸರು ಕರೆದೆ. ಕೆಂಚಿ ಅಂದರೆ ಕೆಂಚಿ ಬಂದಳು. ಚುಕ್ಕಿ ಅಂದರೆ ಚುಕ್ಕಿ. ಮೊಂಡಿ ಯಾವತ್ತೂ ಕರೆದ ಕೂಡಲೇ ಬಂದವಳಲ್ಲ, ಅವತ್ತು ಬಂದಳು. ಕೈಯಲ್ಲಿ ಹಿಂಡಿ ಇದೆ ಅಂದುಕೊಂಡು ನನ್ನ ಅಂಗೈ ನೆಕ್ಕಿದಳು. ಡಾಕ್ಟರಮ್ಮ ಸೂಜಿ ಹಾಕಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡದ್ದು ನೋಡಿದೆ. ಜಾಣೆಯ ಸರದಿಗೆ ಮರಿಗಳು ತಾವಾಗೇ ಹಿಂದೆ ಬಂದವು. ಅವನ್ನ ಕರೀಬೇಕಾಗಲಿಲ್ಲ.

ಆಮೇಲೆ ಕೊಟ್ಟಿಗೆಯ ಹುಲ್ಲು, ಗೋದಲಿ, ಹಾಲಿನ ಪಾತ್ರೆ ಎಲ್ಲಾ ಸುಟ್ಟರು. ಗೋಡೆಗೆ ನೆಲಕ್ಕೆ ಔಷಧಿ ಹೊಡೆದರು. ಎಲ್ಲರೂ ಹೋದ ಮೇಲೆ ಸಂಜೆ, ಹಾಲು ಕರೆಯೋ ಹೊತ್ತಿಗೆ, ನನಗೇ ಗೊತ್ತಿಲ್ಲದೆ ಎದ್ದು ಕೊಟ್ಟಿಗೆಗೆ ಹೋಗಿ ನಿಂತಿದ್ದೆ.

ಅವಳು ಹೇಗಿದ್ದಾಳೆ ಅನ್ನೋದೊಂದನ್ನ ಯಾರ ಕೈಲಾದರೂ ಹೇಳಿ ಕಳಿಸು.

ಜುಲೈ 4

ಅಕ್ಕಾ,

ಮಾತ್ರೆ ಮುಗಿಸಿದ್ದೀನಿ. ಜ್ವರ ಬಿಟ್ಟಿದೆ, ಸೊಂಟ ಬಿಟ್ಟಿಲ್ಲ. ಆಲೂಗಡ್ಡೆ ಕಿತ್ತೆ, ಅರ್ಧ ಕೊಳೆತಿತ್ತು. ಒಳ್ಳೆಯ ಅರ್ಧವನ್ನ ಚೀಲಕ್ಕೆ ತುಂಬಿ ನಿನ್ನ ಹೆಸರು ಬರೆದು, ಬಸ್ಸಿನವರ ಕೈಗೆ ಕೊಡೋಕೆ ಹೋಗಿ ವಾಪಸ್ ತಂದೆ. ಈ ನೆಲದ್ದು ಏನನ್ನಾದರೂ ನಿನ್ನ ಮನೆಗೆ ಕಳಿಸೋಕೆ ಕೈ ಬರಲಿಲ್ಲ. ಆಲೂಗಡ್ಡೆಯಿಂದ ರೋಗ ಬರಲ್ಲ, ಡಾಕ್ಟರಮ್ಮನನ್ನ ಕೇಳಿದ್ದೀನಿ. ಆದರೂ.

ಜಮೀನು ಬಿಟ್ಟು ಬರಬೇಕು ಅಂತ ಒಂದು ದಿನ ಅನ್ನಿಸುತ್ತೆ. ಇಲ್ಲೇ ಇದ್ದು ಇದನ್ನ ದಿನಾ ನೋಡಬೇಕು ಅಂತ ಇನ್ನೊಂದು ದಿನ.

ತಮ್ಮ

ಆಗಸ್ಟ್ 14

ತಮ್ಮಾ,

ನಿನ್ನ ಮೂರು ಕಾಗದವನ್ನೂ ಬಂದ ದಿನವೇ ಓದಿದೆ. ಬರೆಯೋಕೆ ಕೈ ಏಳಲಿಲ್ಲ. ಕೋಪ ಅಂತ ನೀನು ಅಂದುಕೊಂಡಿರ್ತೀಯ. ಕೋಪವೇ. ಮಿಷಿನ್ ತುಳಿಯೋವಾಗ ಮನಸ್ಸಲ್ಲೇ ನಿನ್ನನ್ನ ಬೈತಿದ್ದೆ, ಎರಡು ಅಂಗಿಯ ತೋಳು ತಿರುವುಮುರುವು ಹೊಲಿದೆ. ನನ್ನ ಮಗಳ ತೊಟ್ಟಿಲು ಮುರಿದವನು ನನ್ನ ಒಡಹುಟ್ಟಿದವನು ಅಂತ ಅಂಗಡಿಯಲ್ಲಿ ಬಾಯಿಬಿಟ್ಟೇ ಅಂದೆ. ಕಾಜಾ ಹಾಕುವವಳು ಕೇಳಿಸಿಕೊಂಡಳು.

ಮಗಳ ಜ್ವರ ಹೋಗಿದೆ. ಕೆಲಸಕ್ಕೆ ಹೋಗ್ತಿದ್ದಾಳೆ. ಅಳಿಯ ವಾಪಸ್ ಬಂದಿದ್ದಾರೆ, ಒಳ್ಳೆಯ ಮನುಷ್ಯ, ಅವಳ ಬಟ್ಟೆ ತಾವೇ ಮಡಿಸಿಡ್ತಾರೆ. ಆದರೆ ಅವಳ ಚಿನಕುರಳಿತನ ಎಲ್ಲಿ ಹೋಯ್ತೋ. ಮನೆಯಲ್ಲಿ ಒಂದು ನಡೆದಾಡೋ ಮೌನ ಇದೆ.

ಮೊನ್ನೆ ಊಟಕ್ಕೆ ಕೂತಾಗ ನಾನು ನಿನ್ನ ಹೆಸರೆತ್ತಿದೆ. "ಅವನು ಒಂದು ಮಾತು ಬರೆದಿದ್ದರೆ ನಿನ್ನನ್ನ ಕಳಿಸ್ತಾನೇ ಇರಲಿಲ್ಲ" ಅಂದೆ. ಅವಳು ತಟ್ಟೆ ಸರಿಸಿದಳು. "ಅಮ್ಮ, ನೀನು ಒಂದು ಮಾತು ಬರೆದಿದ್ದರೆ ಮಾವ ನನ್ನನ್ನ ಆ ಬಾಗಿಲು ದಾಟೋಕೆ ಬಿಡ್ತಿರಲಿಲ್ಲ. ಹಾಲು ಕಾಯಿಸದೆ ಕೊಡ್ತಿರಲಿಲ್ಲ. ನಾನು ಹೇಳೋಕೆ ಬಾಯಿ ತೆರೆದೆ, ನಿನಗೆ ಕೊಟ್ಟ ಮಾತು ನೆನಪಾಗಿ ಮುಚ್ಚಿದೆ. ಅವನು ಆಡಿನ ವಿಷಯ ಮುಚ್ಚಿಟ್ಟ, ನಾವು ನನ್ನ ವಿಷಯ ಮುಚ್ಚಿಟ್ಟೆವು. ಈಗ ಯಾರನ್ನ ಬೈತೀಯ?" ಅಂದಳು.

ನಾಲ್ಕು ತಿಂಗಳಿಂದ ಅವಳು ಅಷ್ಟು ಮಾತಾಡಿರಲಿಲ್ಲ. ಆಡಿದ್ದು ಇದು.

ನಿನ್ನ ಮೇಲಿನ ಕೋಪ ಹೋಯ್ತು ಅಂತ ಸುಳ್ಳು ಬರೆಯಲ್ಲ. ಆದರೆ ಅದಕ್ಕೆ ಈಗ ಮೊದಲಿನ ಕಾಲು ಇಲ್ಲ, ನಿಲ್ಲಿಸಿದರೂ ನಿಲ್ಲಲ್ಲ.

ಅವಳು ನಿನ್ನ ಹತ್ತಿರ ಬರಬೇಕಂತೆ. ಗುಂಡಿ ನೋಡಬೇಕಂತೆ. ಬೇಡ ಅನ್ನೋಕೆ ನಾನ್ಯಾರು? ಕೊಟ್ಟಿಗೆ ಶುದ್ಧವಾಗಿದೆಯಾ ಅಂತ ಡಾಕ್ಟರಮ್ಮನನ್ನ ಮತ್ತೊಮ್ಮೆ ಕೇಳಿ ಬರಿ. ಹಾಗೆ ನಿನ್ನ ಸೊಂಟದ್ದೂ ಬರಿ.

ಅಕ್ಕ

ಸೆಪ್ಟೆಂಬರ್ 21

ಅಕ್ಕಾ,

ಕೊಟ್ಟಿಗೆ ಶುದ್ಧ ಅಂತ ಡಾಕ್ಟರಮ್ಮ ಅಂದದ್ದು ಬರೆದಿದ್ದೆನಲ್ಲ. ಅವಳು ಬಂದು ವಾರವಾಯ್ತು. ಇನ್ನೂ ಸ್ವಲ್ಪ ದಿನ ಇರ್ತಾಳಂತೆ, ಅಳಿಯನಿಗೂ ಬರೆದಿದ್ದಾಳೆ.

ಬಂದ ದಿನ ಬ್ಯಾಗು ಕೆಳಗಿಡೋಕೆ ಮುಂಚೆಯೇ, "ಎಲ್ಲಿ?" ಅಂದಳು. ಕರ್ಕೊಂಡು ಹೋದೆ. ಸುಣ್ಣ ಹಾಕಿದ ಜಾಗದಲ್ಲಿ ಹುಲ್ಲು ಇನ್ನೂ ಬಂದಿಲ್ಲ, ಚಾಪೆ ಹಾಸಿದ ಹಾಗೆ ಬೆಳ್ಳಗೆ ಕಾಣುತ್ತೆ. ಅದರ ಅಂಚಲ್ಲಿ ಕೂತಳು. "ಕೂಗಿಕೊಂಡವಾ?" ಅಂದಳು. ಸುಳ್ಳು ಹೇಳಬೇಕು ಅನ್ನಿಸಲಿಲ್ಲ. "ಇಲ್ಲ. ಹೆಸರು ಹಿಡಿದು ಕರೆದೆ, ನಂಬಿಕೊಂಡು ಬಂದವು" ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ನಾನು ಅವಳ ಕೈ ಹಿಡಿಯಬೇಕಾಗಿತ್ತು, ಅವಳು ನನ್ನದು ಹಿಡಿದಳು. ಅಲ್ಲಿಯವರೆಗೆ ತಡೆದುಕೊಂಡಿದ್ದೆ.

ಮರುದಿನದಿಂದ ಕೆಲಸಕ್ಕೆ ನಿಂತಿದ್ದಾಳೆ. ಭಾರ ಎತ್ತಬೇಡ ಅಂದರೆ ಸಿಟ್ಟು ಮಾಡ್ತಾಳೆ. ಇಳಿಜಾರಿನ ಕಲ್ಲುಗಳನ್ನ ಒಂದೊಂದೇ ಹೊತ್ತು ತಂದು ಸಾಲಾಗಿ ಕಟ್ಟೆ ಕಟ್ಟುತ್ತಿದ್ದಾಳೆ, ಮಳೆಗೆ ಮಣ್ಣು ಕೊಚ್ಚಿ ಹೋಗದ ಹಾಗೆ. ಎಲೆಕೋಸಿನ ಸಸಿ ಇಟ್ಟೆವು, ಅರ್ಧ ಹುಳ ತಿಂದಿವೆ. ಹುಳ ಆರಿಸ್ತಾ ನಿನ್ನೆ ಮೊದಲ ಸಲ ಹಳೆಯ ಹಾಗೆ ಪಟಪಟ ಮಾತಾಡಿದಳು. ಹುಳಗಳನ್ನ ಬೈದದ್ದು, ಆದರೂ ಮಾತು.

ಸಂಜೆ, "ಮಾವ, ಮತ್ತೆ ಆಡು ಸಾಕ್ತೀಯಾ?" ಅಂತ ಕೇಳಿದಳು. ಇಲ್ಲ ಅಂದೆ. "ಈಗ ಇಲ್ವಾ, ಯಾವಾಗಲೂ ಇಲ್ವಾ?" ಅಂದಳು. ಗೊತ್ತಿಲ್ಲ ಅಂದೆ. "ನನಗೆ ಗೊತ್ತು. ನನಗೆ ಯಾವಾಗಲೂ ಇಲ್ಲ" ಅಂದಳು. ಆಡಿನ ಮಾತು ಅಂದುಕೊಂಡೆ. ಅವಳು ಹೇಳಿದ್ದು ಮಗುವಿನ ಮಾತು.

ಅಕ್ಕಾ, ಅವಳಿಗೆ ಇನ್ನು ಮಗು ಬೇಡವಂತೆ. ಈಗ ಬೇಡ, ಆಮೇಲೆ ನೋಡೋಣ ಅಂತಲ್ಲ. ಬೇಡ. ಗಂಡನಿಗೆ ಹೇಳಿದ್ದಾಳೆ, ಅವರು ಒಪ್ಪಿದ್ದಾರೆ. ನಿನ್ನ ಮುಂದೆ ಹೇಳೋಕೆ ಆಗ್ತಿಲ್ಲ. ನೀನು ಅಂಗಡಿಯಲ್ಲಿ ಉಳಿದ ಬಟ್ಟೆಯ ಚೂರುಗಳಲ್ಲಿ ಒಳ್ಳೊಳ್ಳೆಯದನ್ನ ಆರಿಸಿ ಎತ್ತಿಡೋದನ್ನ ಅವಳು ನೋಡ್ತಾಳಂತೆ. ಯಾಕೆ ಎತ್ತಿಡ್ತೀಯ ಅಂತ ಅವಳಿಗೆ ಗೊತ್ತಂತೆ.

ಮೊದಲಿನ ನಾನಾಗಿದ್ದರೆ, "ಕಾಲ ಎಲ್ಲಾ ಸರಿ ಮಾಡುತ್ತೆ" ಅಂದು, ನಿನಗೆ ಎಲೆಕೋಸಿನ ಸುದ್ದಿಯಷ್ಟೇ ಬರೀತಿದ್ದೆ. "ಅಮ್ಮನಿಗೆ ನಾನು ಬರೆಯಲಾ?" ಅಂತ ಕೇಳಿದೆ. ಅವಳು ಒಳಗೆ ಹೋದಳು. ಪಾತ್ರೆ ತೊಳೆದಳು, ಒಲೆ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆಮೇಲೆ ಹೊಸ್ತಿಲ ಹತ್ತಿರ ಬಂದು, "ಬರಿ" ಅಂದಳು.

ಬರೆದಿದ್ದೀನಿ.

ತಮ್ಮ

ಸೆಪ್ಟೆಂಬರ್ 26

ತಮ್ಮಾ,

ಓದಿದೆ. ಮಿಷಿನ್ ನಿಲ್ಲಿಸಿ ಓದಿದೆ. ಅಂಗಡಿಯಲ್ಲಿ ಯಾರಿಗೂ ಓದಿ ಹೇಳಲಿಲ್ಲ.

ಏಟು ಬಿದ್ದ ಹಾಗಾಯ್ತು. ದಿಕ್ಕು ತಪ್ಪಿದವಳ ಹಾಗೆ ಬೀದಿಗೆ ಬಂದು ನಿಂತೆ, ಯಾಕೆ ಬಂದೆ ಅಂತ ನನಗೇ ಗೊತ್ತಾಗಲಿಲ್ಲ. ಎದುರಿನ ಬೀಗ ರಿಪೇರಿಯವನು, "ಏನಮ್ಮ, ಕರೆಂಟು ಹೋಯ್ತಾ?" ಅಂದ. ಹೌದು ಅಂದೆ.

ಅವಳಿಗೆ ಹೇಳು, ನಾನು ಕೇಳಲ್ಲ. ಇವತ್ತೂ ಕೇಳಲ್ಲ, ಮುಂದಿನ ವರ್ಷವೂ ಕೇಳಲ್ಲ. ಬೇರೆಯವರು ಕೇಳಿದರೆ ಅವರಿಗೆ ನಾನು ಉತ್ತರ ಕೊಡ್ತೀನಿ, ನನ್ನ ಬಾಯಿ ನಿನಗೆ ಗೊತ್ತಲ್ಲ. ಬಟ್ಟೆಯ ಚೂರುಗಳನ್ನ ಕಾಜಾ ಹಾಕುವವಳಿಗೆ ಕೊಟ್ಟುಬಿಟ್ಟೆ, ಅವಳ ತಂಗಿಗೆ ದಿನ ಹತ್ತಿರ ಬಂದಿದೆ. ಕೊಡೋವಾಗ ಒಂದು ಚೂರನ್ನ ಎರಡು ಸಲ ವಾಪಸ್ ಇಸ್ಕೊಂಡೆ. ಇದನ್ನ ಅವಳಿಗೆ ಹೇಳಬೇಡ ಅಂತ ಬರೆಯೋಕೆ ಹೋದೆ. ಬೇಡ, ಹೇಳು. ಅದೂ ಗೊತ್ತಿರಲಿ ಅವಳಿಗೆ.

ಭಾನುವಾರ ಮೊದಲ ಬಸ್ಸಿಗೆ ಬರ್ತೀನಿ. ಕಲ್ಲು ಹೊರೋಕೆ ನನ್ನಿಂದ ಆಗಲ್ಲ, ಅವಳು ಹೊತ್ತು ತಂದದ್ದನ್ನ ಜೋಡಿಸಿ ಕೊಡೋಕೆ ಆಗುತ್ತೆ.

ಅಕ್ಕ